ಒಬ್ಬನಿಗೆ ಎರಡು ಕಾಯಕ ಸಲ್ಲುವುದೆ?

ಹೇಮಾವತಿಯ ಉಗಮಸ್ಥಾನವಾದ ಜಾವಳಿಯ ಕಡೆಯಿಂದ ಬಂದು ನಮ್ಮ ಪಾಠಶಾಲೆಯಲ್ಲಿ ಓದಿಹೋದ ತರುಣನೊಬ್ಬನು ಎರಡು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ಮಠಕ್ಕೆ ಬಂದಿದ್ದನು. ಅವನು ಅಲ್ಲಿಯ ಒಂದು ಕಾಫಿ ತೋಟದಲ್ಲಿ ರೈಟರು. ಬೆಳಗ್ಗೆ ಆಳುಗಳ ಹಾಜರಿ ಬರೆಯುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿಸುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ಅವನ ಕೆಲಸ. ಪ್ರಸಾದವಾದ ಮೇಲೆ ಹತ್ತಿರ ಬಂದು ಕುಳಿತು ಕೇಳಿದನು:

"ಗುರುಗಳೆ, ಸಂಬಳದಿಂದ ಮನೆ ನಡೆಯುತ್ತದೆ, ಮಗಳ ಮುಂದಿನ ಓದಿಗೆ ಏನೂ ಉಳಿಯುವುದಿಲ್ಲ. ಕೆಲಸ ಬಿಡದೆ ಕಾಫಿಪುಡಿಯ ವ್ಯಾಪಾರ ಹೂಡಬೇಕೆಂದಿದ್ದೇನೆ. ಆದರೆ ಶರಣರಿಗೆ ಒಬ್ಬೊಬ್ಬರಿಗೆ ಒಂದೊಂದೇ ಕಾಯಕವೆಂದು ತಾವು ಪಾಠದಲ್ಲಿ ಹೇಳಿದ್ದಿರಿ. ನಾನು ಎರಡು ಹಿಡಿದರೆ ತಪ್ಪಾಗುವುದೆ?"

ಈ ಪ್ರಶ್ನೆಯು ಅವನೊಬ್ಬನದಲ್ಲ. ಇಂದು ಸಂಬಳದ ಕೆಲಸದಲ್ಲಿದ್ದುಕೊಂಡೇ ಸ್ವಂತ ಉದ್ಯಮವನ್ನು ಆರಂಭಿಸಬೇಕೆನ್ನುವವರು ಮಲೆನಾಡಿನ ಹಳ್ಳಿಗಳಲ್ಲಿಯೂ ಇದ್ದಾರೆ. ಆದುದರಿಂದ ಅಂದು ಅವನಿಗೆ ಹೇಳಿದುದನ್ನು ಕ್ರಮವಾಗಿ ಬರೆದು ವಾಚಕರ ಮುಂದಿಡುತ್ತೇನೆ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಈ ಹೆಸರುಗಳಲ್ಲಿ ಕಾಯಕವೇ ಮನುಷ್ಯನ ಗುರುತಾಗಿ ನಿಂತಿದೆ. ಒಂದನ್ನು ಹಿಡಿದು ಅದರಲ್ಲಿಯೇ ನಿಷ್ಠನಾಗುವುದು ಶರಣರ ಮಾರ್ಗ. ಎರಡನ್ನು ಹಿಡಿಯುವುದು ಆಶೆಯ ಲಕ್ಷಣವೆಂದು ಯಾರಾದರೂ ಹೇಳಬಹುದು.

ಇದಕ್ಕೆ ಸಮಾಧಾನವು ಬಸವಣ್ಣನವರ ಚರಿತ್ರೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಮಂಗಳವಾಡದಲ್ಲಿ ಸಿದ್ಧದಂಡಾಧೀಶನ ಬಳಿ ಕರಣಿಕರಾಗಿ ಸೇರಿ, ಮುಂದೆ ಬಿಜ್ಜಳನ ಭಂಡಾರಿಗಳಾದರೆಂದು ಹರಿಹರನ ರಗಳೆಯು ತಿಳಿಸುತ್ತದೆ. ಹಗಲು ಅರಸನ ಲೆಕ್ಕ. ಅದರ ಜೊತೆಯಲ್ಲಿಯೇ ಮಹಾಮನೆಯ ದಾಸೋಹ. ಆ ದಾಸೋಹವು ಲಾಭದ ವ್ಯಾಪಾರವಲ್ಲವೆಂಬುದು ನಿಜ. ಆದರೂ ಒಬ್ಬರ ಸೇವೆಯಲ್ಲಿದ್ದುಕೊಂಡು ತನ್ನದೇ ಒಂದು ದೊಡ್ಡ ಕಾರ್ಯವನ್ನು ನಡೆಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅರಸನ ಹಣವು ಜಂಗಮರಿಗೆ ಹೋಗುತ್ತಿದೆಯೆಂದು ಚಾಡಿ ಹೇಳಿದವರಿದ್ದರು. ಭಂಡಾರವನ್ನು ಎಣಿಸಿ ನೋಡಿದಾಗ ಕೊರತೆ ಕಾಣಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಎರಡು ಕಾರ್ಯ ಹಿಡಿದವನ ಮೇಲೆ ಸಂಶಯ ಬಂದೇ ಬರುತ್ತದೆ. ಆಗ ಅವನನ್ನು ಕಾಯತಕ್ಕುದು ಲೆಕ್ಕದ ಶುದ್ಧಿಯೊಂದೇ.

ಆದುದರಿಂದ ಸಿದ್ಧಾಂತವಿಷ್ಟು: ಎರಡು ಕಾಯಕ ದೋಷವಲ್ಲ, ಒಂದರ ಹೊಟ್ಟೆಯನ್ನು ಕೊಯ್ದು ಇನ್ನೊಂದನ್ನು ಸಾಕುವುದು ದೋಷ. ಈ ಕೊಯ್ತವು ಮೂರು ಕಡೆ ಆಗುತ್ತದೆ: ವಸ್ತುವಿನಲ್ಲಿ, ಕಾಲದಲ್ಲಿ, ವಿಶ್ವಾಸದಲ್ಲಿ.

ವಸ್ತುವಿನ ಮಾತು ಹೀಗೆ ಬಂದಿತು. ಮೊದಲ ಬೀಜಕ್ಕೆ ಬಂಡವಾಳವೆಲ್ಲಿಯದೆಂದು ನಾನು ಕೇಳಿದೆ. ಅವನೆಂದನು: "ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಎಷ್ಟೋ ಉಳಿಯುತ್ತದೆ. ಕೊಳೆತುಹೋಗುವುದನ್ನು ಹೆಕ್ಕಿಸಿಕೊಂಡರೆ ಯಾರಿಗೆ ನಷ್ಟ? ಆಯ್ದಕ್ಕಿ ಮಾರಯ್ಯನವರೂ ಬಿದ್ದ ಅಕ್ಕಿಯನ್ನೇ ಆಯ್ದರಲ್ಲವೆ?"

ನಾನು ಕೇಳಿದೆ: "ಹೆಕ್ಕುವ ಆಳು ಯಾರವರಪ್ಪ? ಅವರ ಹಾಜರಿ ಬರೆಯುವವನು ಯಾರು?"

ಅವನು ಉತ್ತರ ಕೊಡದೆ ತಲೆ ತಗ್ಗಿಸಿದನು.

ಮಾರಯ್ಯನವರ ಕಥೆಯನ್ನು ನಾವು ಅರ್ಧ ಮಾತ್ರ ನೆನಪಿಡುತ್ತೇವೆ. ಅವರು ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯ್ದುದು ಎಲ್ಲರ ಕಣ್ಣೆದುರಿಗೆ, ಬಸವಣ್ಣನವರಿಗೆ ತಿಳಿದೇ. ಆಯ್ದುದು ತಮ್ಮ ಕೈಯಿಂದ. ಇಷ್ಟಾದರೂ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಬೇಕೆಂದಳು. ತೋಟದಲ್ಲಿ ಉದುರಿದ ಹಣ್ಣಾದರೋ ಅನಾಥವಲ್ಲ. ಅದನ್ನು ಹೆಕ್ಕಿಸುವುದು ತೋಟದ ಕೆಲಸವೇ. ಬುಡದಲ್ಲಿ ಬಿಟ್ಟರೆ ಕಾಯಿಕೊರಕ ಹುಳು ಅದರಲ್ಲಿ ಬೆಳೆದು ಮುಂದಿನ ಫಸಲಿಗೆ ಏರುತ್ತದೆ. ಧಣಿಯ ಕೂಲಿಯಲ್ಲಿ, ಧಣಿಯ ಹಣ್ಣನ್ನು, ಧಣಿಗೆ ತಿಳಿಯದಂತೆ ಹೆಕ್ಕಿಸಿದರೆ ಅದಕ್ಕೆ ಆಯುವುದೆಂಬ ಹೆಸರಿಲ್ಲ.

ಹಾಗಾದರೆ ಅದೇ ತೋಟದ ಬೀಜವನ್ನು ಬೆಲೆ ಕೊಟ್ಟು ಕೊಳ್ಳಬಹುದೆ? ಧಣಿಯು ಎದುರಿಗೆ ನಿಂತು ಬೆಲೆ ಕಟ್ಟಿ, ಬೇರೊಬ್ಬರಿಂದ ತೂಗಿಸಿಕೊಟ್ಟರೆ ಕೊಳ್ಳಬಹುದು. ಇಲ್ಲವಾದರೆ ಬೇಡ. ತಕ್ಕಡಿ ಹಿಡಿದ ಕೈಯೇ ಕೊಳ್ಳುವ ಕೈಯಾಗಬಾರದು.

ಎರಡನೆಯದು ಕಾಲ. ಸಂಬಳವೆಂದರೆ ಮಾರಿದ ಹೊತ್ತಿನ ಬೆಲೆ. ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನವರನ್ನು ಲಕ್ಕಮ್ಮನು ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಪ್ರಭುದೇವರ ಸನ್ನಿಧಿಯ ಮಾತೂ ಕಾಯಕದ ಹೊತ್ತನ್ನು ನುಂಗಕೂಡದೆಂದ ಮೇಲೆ ಪುಡಿಯ ಗಿರಾಕಿಯ ದೂರವಾಣಿ ಕರೆಯು ನುಂಗಬಹುದೆ? ನಮ್ಮ ಸೀಮೆಯಲ್ಲಿ ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚಿಯವರೆಗೆ. ಆ ತಿಂಗಳುಗಳಲ್ಲಿ ರೈಟರಿಗೆ ತನ್ನದೆಂಬ ಸಂಜೆಯಿಲ್ಲ. ಆದಕಾರಣ ಕೊಯ್ಲು ಮುಗಿದ ಮೇಲೆ ಸಣ್ಣದಾಗಿ ಆರಂಭಿಸು, ಮುಂದಿನ ಕೊಯ್ಲಿನಲ್ಲಿ ಕೈ ಹಿಂದೆಗೆ ಎಂದೆನು. ವರ್ಷದ ಎಲ್ಲ ಋತುಗಳನ್ನೂ ಒಮ್ಮೆ ದಾಟಿ, ತನ್ನ ಖರ್ಚನ್ನು ತಾನೇ ಹೊತ್ತುಕೊಳ್ಳುವವರೆಗೆ ಅದನ್ನು ನಂಬಿ ಸಂಬಳ ಬಿಡತಕ್ಕದ್ದಲ್ಲ, ಸಾಲಕ್ಕೂ ಕೈಯೊಡ್ಡತಕ್ಕದ್ದಲ್ಲ.

ಮೂರನೆಯದು ವಿಶ್ವಾಸ. ಮುಚ್ಚಿ ಮಾಡುವ ಕಾರ್ಯದಲ್ಲಿ ಶುದ್ಧವಾದುದೂ ಅಶುದ್ಧವಾಗಿ ಕಾಣುತ್ತದೆ. ಕೆಲಸ ಕೊಟ್ಟವನಿಗೆ ಮೊದಲೇ ತಿಳಿಸುವುದು ಧರ್ಮ. ಸರ್ಕಾರಿ ನೌಕರರಿಗಾದರೆ ಇದು ಧರ್ಮವಷ್ಟೇ ಅಲ್ಲ, ಕಟ್ಟಳೆಯೂ ಹೌದು. ನಮ್ಮ ರಾಜ್ಯದ 1966ರ ನಡತೆಯ ನಿಯಮಗಳು ಪೂರ್ವಾನುಮತಿಯಿಲ್ಲದೆ ವ್ಯಾಪಾರ ಮಾಡುವುದನ್ನು ನಿಷೇಧಿಸಿದ್ದವು. ಅವುಗಳ ಸ್ಥಾನದಲ್ಲಿ ಬಂದ 2021ರ ನಿಯಮಗಳಲ್ಲಿಯೂ ಅದೇ ವಿಧಿಯಿದೆ. ಹೆಂಡತಿಯ ಹೆಸರನ್ನು ಮುಂದಿಟ್ಟು ತಾನು ಹಿಂದೆ ನಿಲ್ಲುವುದು ಹಲವರ ಉಪಾಯ. ಅಂಥವರು ಮೇಲಧಿಕಾರಿಯ ಕಣ್ಣು ತಪ್ಪಿಸಬಹುದು. ಅಂಗೈಯ ಲಿಂಗದ ಕಣ್ಣನ್ನು ತಪ್ಪಿಸುವುದು ಹೇಗೆ?

ಇನ್ನು ವ್ಯಾಪಾರದ ಒಳಗಿನ ಶುದ್ಧಿ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರರು ಮನೆಬಳಕೆಗೂ ಬಿತ್ತನೆಗೂ ಬೇಕಾದುದನ್ನುಳಿದು ಫಸಲನ್ನೆಲ್ಲ ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ತೊಂಬತ್ತರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ 1996ರಲ್ಲಿ ಪೂರ್ಣವಾಗಿ ಹೋಯಿತು. ಬೆಳೆದವರಿಂದಲೇ ಬೀಜ ಕೊಂಡು ಹುರಿದು ಮಾರುವ ಅವಕಾಶ ಸಣ್ಣವರಿಗೂ ದೊರೆತುದು ಹೀಗೆ. ಅವಕಾಶದೊಡನೆ ಲೆಕ್ಕವೂ ತಿಳಿದಿರಬೇಕು. ಹತ್ತು ಕಿಲೋ ಹಸಿ ಬೀಜವನ್ನು ಹುರಿದರೆ ಉಳಿಯುವುದು ಸುಮಾರು ಎಂಟರಿಂದ ಎಂಟೂವರೆ ಕಿಲೋ. ಬೀಜಕ್ಕೆ ಕಿಲೋ ಒಂದಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ, ಎಂಟು ಕಿಲೋ ಪುಡಿಯಾದಾಗ ಅಸಲೇ 500 ರೂಪಾಯಿ. ಉರುವಲು, ಪೊಟ್ಟಣ, ಸಾಗಣೆ ಬೇರೆ. ಈ ಲೆಕ್ಕ ತಿಳಿಯದೆ ಬೆಲೆ ಕಟ್ಟಿದವನು ನಷ್ಟವನ್ನು ತುಂಬಲು ಚಿಕೋರಿಯ ಕಡೆ ಕೈ ಚಾಚುತ್ತಾನೆ. ಚಿಕೋರಿ ಬೆರೆಸುವುದು ಪಾಪವಲ್ಲ. ಬೆರೆಸಿ ಹೇಳದಿರುವುದು ಪಾಪ. ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಆಹಾರ ಸುರಕ್ಷತೆಯ ಕಟ್ಟಳೆಯೂ ಹೇಳುತ್ತದೆ. ಸತ್ಯಶುದ್ಧ ಕಾಯಕವೆಂಬ ಮಾತು ಇಂದು ಪುಡಿಯ ಪೊಟ್ಟಣದ ಮೇಲೆಯೇ ಪರೀಕ್ಷೆಗೆ ನಿಂತಿದೆ.

ತರುಣನು ಅಂದು ಹೊರಡುವಾಗ ಹೇಳಿದನು: "ಧಣಿಗಳಿಗೆ ತಿಳಿಸಿದರೆ ಇರುವ ಕೆಲಸವೂ ಹೋದೀತು, ಗುರುಗಳೆ." ಹೋಗಲಾರದೆಂದು ನಾನು ಭರವಸೆ ಕೊಡಲಿಲ್ಲ, ಕೊಡುವ ಅಧಿಕಾರ ನನಗಿರಲಿಲ್ಲ. "ಹೇಳಿ ಕಳೆದುಕೊಂಡರೆ ಕೆಲಸವೊಂದೇ ಹೋಗುತ್ತದೆ, ಹೇಳದೆ ಸಿಕ್ಕಿಬಿದ್ದರೆ ಕೆಲಸದೊಡನೆ ಹೆಸರೂ ಹೋಗುತ್ತದೆ" ಎಂದಷ್ಟೇ ಹೇಳಿದೆನು.

ಅವನು ಒಂದು ತಿಂಗಳು ಹಿಂದುಮುಂದು ನೋಡಿ ಕೊನೆಗೆ ಹೇಳಿದನಂತೆ. ಧಣಿಗಳು ಆ ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ ಕರೆದು, ಈ ತೋಟದ ಒಂದು ಕಾಳೂ ನಿನ್ನ ಒಲೆಗೆ ಹೋಗಬಾರದು, ಕೊಯ್ಲಿನಲ್ಲಿ ಒಲೆ ಹತ್ತಬಾರದು ಎಂದು ಎರಡು ಕರಾರು ಹಾಕಿದರು. ಅವನು ಚಿಕ್ಕಮಗಳೂರಿನಿಂದ ಹಸನಾದ ಬೀಜ ತರಿಸುತ್ತಾನೆ. ಮಳೆಗಾಲದಲ್ಲಿ ಪುಡಿಯು ಬೇಗ ತೇವ ಹೀರುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಹುರಿದು, ಭಾನುವಾರ ಕೊಟ್ಟಿಗೆಹಾರ ಮತ್ತು ಬಣಕಲ್ಲಿನ ಕೆಲವು ಅಂಗಡಿಗಳಿಗೆ ಹಾಕುತ್ತಾನೆ. ಲಾಭವು ಹೇಳಿಕೊಳ್ಳುವಷ್ಟಿಲ್ಲ. ಮಗಳ ಶಾಲೆಯ ಶುಲ್ಕವನ್ನು ಮಾತ್ರ ಈ ವರ್ಷ ಆ ಹಣದಿಂದಲೇ ಕಟ್ಟಿದನು. ಒಂದು ಸಣ್ಣ ಪಾಲನ್ನು ಇಲ್ಲಿಯ ದಾಸೋಹಕ್ಕೂ ತಂದುಕೊಟ್ಟನು.

ಪೊಟ್ಟಣದ ಮೇಲೆ ಏನು ಬರೆದಿರುವೆಯೆಂದು ಕೇಳಿದೆ. ಜೋಳಿಗೆಯಿಂದ ಒಂದನ್ನು ತೆಗೆದು ತೋರಿಸಿದನು. ಕಾಫಿ ನೂರಕ್ಕೆ 80, ಚಿಕೋರಿ 20 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಂಬಳದ ಕೆಲಸದೊಡನೆ ಸ್ವಂತ ಉದ್ಯಮ ಹೂಡಬೇಕೆಂದಿರುವ ವಾಚಕರು ವಸ್ತು, ಕಾಲ, ವಿಶ್ವಾಸ ಈ ಮೂರರ ಲೆಕ್ಕವನ್ನು ತಾವೂ ಹೀಗೆ ದಪ್ಪಕ್ಷರದಲ್ಲಿ ಬರೆದಿಡಬಲ್ಲೆವೆ ಎಂದು ಮೊದಲು ನೋಡಿಕೊಳ್ಳಲಿ. ಬರೆದಿಡಬಲ್ಲವರಿಗೆ ಎರಡು ಕಾಯಕ ಸಲ್ಲುತ್ತದೆ.