ಬ್ರೇಕ್ ಮುಟ್ಟದಿದ್ದರೂ 'ಬ್ರೇಕ್ ಆನ್'!

ಆಕ್ಸಿಲರೇಟರ್ ತುಳಿಯದೇ ಕಾರು ಒಂದೇ ವೇಗದಲ್ಲಿ ಹೋಗುವಂತೆ ಮಾಡುವುದು ಕ್ರೂಸ್ ಕಂಟ್ರೋಲ್. ಬ್ರೇಕ್ ಒತ್ತಿದರೆ ತಾನೇ ಬಿಟ್ಟುಬಿಡುತ್ತದೆ. ರಜೆಯಲ್ಲಿ ಮಾವನ ಗ್ಯಾರೇಜಿಗೆ ಹೋಗಿದ್ದಾಗ ಒಂದು ಕಾರು ಬಂತು. ಅದರಲ್ಲಿ ಕ್ರೂಸ್ ಹಿಡಿಯುತ್ತಲೇ ಇರಲಿಲ್ಲ. ಮಾವ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರು. ಪಿ0571 ಎಂದು ಬಂತು. ಅಂದ್ರೆ ಬ್ರೇಕ್ ಸ್ವಿಚ್ಚಿನ ಸರ್ಕ್ಯೂಟಿನಲ್ಲಿ ದೋಷ. "ಕೋಡ್ ನೋಡಿ ಸುಮ್ನೆ ಸ್ವಿಚ್ ತರಬಾರದು ಕಣೋ, ವೈರೂ ಕೆಟ್ಟಿರಬಹುದು" ಅಂದರು. ಲೈವ್ ಡಾಟಾ ತೆಗೆದರೆ, ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದ್ರೂ 'ಬ್ರೇಕ್ ಆನ್'! ಹಿಂದಿನ ಕೆಂಪು ದೀಪವೂ ಉರೀತಾನೇ ಇತ್ತು. ಹಾಗಿದ್ದರೆ ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನ ಗಾಡಿಯವನಿಗೆ ಹೇಗೆ ಗೊತ್ತಾಗಬೇಕು? ಸ್ವಿಚ್ಚಿನ ಪ್ಲಗ್ ಕಿತ್ತ ಕೂಡಲೇ 'ಆಫ್' ಬಂತು, ದೀಪವೂ ಆರಿತು. ವೈರ್ ಸರಿಯಿದೆ, ಒಳಗೆ ಅಂಟಿಕೊಂಡಿದ್ದು ಸ್ವಿಚ್ಚೇ. ಹೊಸದು ಹಾಕಿದ ಮೇಲೆ ಪೆಡಲ್ ಒತ್ತಿ ಬಿಟ್ಟು ಆನ್, ಆಫ್ ನೋಡಿದವನು ನಾನೇ.