ಕೃಷಿ ತ್ಯಾಜ್ಯದ ಇದ್ದಿಲು ಮತ್ತು ನೀರಿನಲ್ಲಿರುವ ಭಾರಲೋಹಗಳು

ನಗರದ ಅಂಚಿನಲ್ಲಿ ಬೇಸಾಯ ಮಾಡುವ ರೈತರಿಗೆ ಚರಂಡಿಯ ನೀರು ವರ್ಷವಿಡೀ ದೊರೆಯುತ್ತದೆ. ಅದರಲ್ಲಿ ಬೆಳೆಗೆ ಬೇಕಾದ ಸಾರಜನಕ, ರಂಜಕಗಳೂ ಇರುತ್ತವೆ. ಆದರೆ ಕಾರ್ಖಾನೆಗಳ ಕೊಳೆನೀರು ಬೆರೆತಲ್ಲಿ ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಮುಂತಾದ ಭಾರಲೋಹಗಳೂ ಜೊತೆಗೇ ಹೊಲ ಸೇರುತ್ತವೆ. ಬೆಂಗಳೂರಿನ ವೃಷಭಾವತಿ ನದಿ ಮತ್ತು ಅದರ ನೀರನ್ನು ನಂಬಿ ಬಂದ ಬಿಡದಿ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟು ಇದಕ್ಕೆ ಕಣ್ಣೆದುರಿನ ಉದಾಹರಣೆಗಳು.

ಲೋಹ ಕೊಳೆಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಜಪಾನಿನ ಜಿಂಜು ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳನ್ನು ಸೇರಿ, ಆ ಅಕ್ಕಿಯನ್ನು ಉಂಡವರ ಮೂಳೆಗಳು ಮೆತ್ತಗಾಗಿ ಮುರಿಯುವ ರೋಗ ತಗುಲಿತು. ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು.

ಇದ್ದಿಲು ಲೋಹವನ್ನು ಹಿಡಿಯುವ ಬಗೆ

ಬೆಳೆಯ ತ್ಯಾಜ್ಯವನ್ನು ಗಾಳಿ ಸಾಲದಂತೆ ಮಾಡಿ ಸುಮಾರು 300ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ದೊರೆಯುವ ಇದ್ದಿಲಿಗೆ ಬಯೋಚಾರ್ ಎನ್ನುತ್ತಾರೆ. ಇದರ ತುಂಬ ಸಣ್ಣ ರಂಧ್ರಗಳಿರುತ್ತವೆ. ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂ, ತಾಮ್ರ, ಸತು, ನಿಕ್ಕಲ್ ಕಣಗಳಿಗೆ ಧನ ವಿದ್ಯುದಂಶವಿದ್ದು, ಇದ್ದಿಲಿನ ಮೇಲ್ಮೈಯ ಋಣ ವಿದ್ಯುದಂಶ ಅವನ್ನು ಸೆಳೆದು ಅಂಟಿಸಿಕೊಳ್ಳುತ್ತದೆ. ಇದ್ದಿಲಿನಲ್ಲಿರುವ ಸುಣ್ಣ, ಪೊಟ್ಯಾಷ್ ಅಂಶಗಳು ನೀರಿಗೆ ಬಿಟ್ಟುಕೊಂಡ ಜಾಗವನ್ನೂ ಲೋಹ ಸೇರಿಕೊಳ್ಳುತ್ತದೆ. ಸಗಣಿಯ ಇದ್ದಿಲಿನಲ್ಲಿ ರಂಜಕ ಹೆಚ್ಚಿರುವುದರಿಂದ ಸೀಸವು ಅದರೊಡನೆ ಕೂಡಿ ಕರಗದ ವಸ್ತುವಾಗುತ್ತದೆ.

ತಯಾರಿಕೆ

ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಮೆಕ್ಕೆಜೋಳದ ದಂಟು, ತೆಂಗಿನ ಕರಟ ಇವೆಲ್ಲ ತಕ್ಕವು. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯು ಇಂತಹ ಕಡ್ಡಿಗಳಿಗೆಂದೇ ಡ್ರಮ್ಮಿನ ಒಲೆಯನ್ನು ರೂಪಿಸಿದೆ. ಚೆನ್ನಾಗಿ ಒಣಗಿದ ತುಂಡುಗಳನ್ನು ಡ್ರಮ್ಮಿನಲ್ಲಿ ತುಂಬಿ ಉರಿ ಹಚ್ಚಬೇಕು. ದಟ್ಟವಾದ ಬಿಳಿ ಹೊಗೆ ಕಡಿಮೆಯಾಗಿ ತೆಳುವಾದಾಗ ಮುಚ್ಚಳ ಹಾಕಿ, ಸಂದುಗಳನ್ನು ಕೆಸರಿನಿಂದ ಮೆತ್ತಿ, ಪೂರ್ತಿ ಆರಲು ಬಿಡಬೇಕು. ಬಳಿಕ ಪುಡಿಮಾಡಿ, ಜರಡಿ ಹಿಡಿದು, ಬೂದಿ ಹೋಗುವವರೆಗೆ ತೊಳೆಯಬೇಕು. ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಕೊಳೆನೀರಿನಲ್ಲಿ ಬೆಳೆದ ದಂಟುಗಳನ್ನು ಬಳಸಬಾರದು, ಅವುಗಳಲ್ಲಿಯೇ ಲೋಹವಿರಬಹುದು.

ಬಳಕೆಯ ಕ್ರಮ

1. ನೀರನ್ನು ಮೊದಲು ಗುಂಡಿಯಲ್ಲಿ ನಿಲ್ಲಿಸಿ ತಿಳಿಗೊಳಿಸಬೇಕು. ಲೋಹದ ಒಂದು ಪಾಲು ಹೂಳಿಗೆ ಅಂಟಿಕೊಂಡೇ ಬರುತ್ತದೆ. ಈ ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಹಾಕಬಾರದು.

2. ಪೀಪಾಯಿಯ ತಳದಲ್ಲಿ ಜಲ್ಲಿ, ಅದರ ಮೇಲೆ ಮರಳು, ಇದ್ದಿಲು, ಮತ್ತೆ ಮರಳು ಹರಡಬೇಕು.

3. ನೀರು ನಿಧಾನವಾಗಿ ಇಳಿಯಬೇಕು. ರಭಸವಾಗಿ ಹರಿದರೆ ಲೋಹಕ್ಕೆ ಇದ್ದಿಲಿನ ಸಂಪರ್ಕ ಸಾಲದು.

ಪಂಪಿನಿಂದ ಹರಿಯುವ ನೀರನ್ನೆಲ್ಲ ಹೀಗೆ ಸೋಸಲಾಗದು. ಸಸಿಮಡಿ ಅಥವಾ ಸಣ್ಣ ತರಕಾರಿ ತಾಕಿಗಷ್ಟೇ ಇದು ಯೋಗ್ಯ. ಕಾರ್ಖಾನೆಯ ಬಾಗಿಲಲ್ಲೇ ಲೋಹವನ್ನು ತಡೆಯುವುದು ನಿಜವಾದ ಪರಿಹಾರ.

ತಿಳಿದಿರಬೇಕಾದ ಮಿತಿಗಳು

ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಋಣ ವಿದ್ಯುದಂಶವುಳ್ಳ ರೂಪದಲ್ಲಿರುವುದರಿಂದ ಸಾದಾ ಇದ್ದಿಲು ಅವನ್ನು ಸರಿಯಾಗಿ ಹಿಡಿಯುವುದಿಲ್ಲ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಆರ್ಸೆನಿಕ್ ಇರುವ ಕೊಳವೆಬಾವಿಗಳಿಗೆ ಈ ಪೀಪಾಯಿಯನ್ನು ನೆಚ್ಚಬಾರದು. ಸೋಸಿದ ನೀರಿನ ಬಣ್ಣ, ವಾಸನೆ ಹೋದ ಮಾತ್ರಕ್ಕೆ ಲೋಹ ಹೋಯಿತೆಂದು ತಿಳಿಯಲಾಗದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ 1985ರ ಮಾರ್ಗಸೂಚಿಯಂತೆ ನೀರಾವರಿ ನೀರಿನಲ್ಲಿ ಲೀಟರಿಗೆ ಕ್ಯಾಡ್ಮಿಯಂ 0.01, ನಿಕ್ಕಲ್ 0.2, ಸೀಸ 5 ಮಿಲಿಗ್ರಾಂ ಮೀರಬಾರದು. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಕುಡಿಯುವ ನೀರಿಗೆ ವಿಧಿಸಿದ ಮಿತಿ ಸೀಸಕ್ಕೆ 0.01, ಕ್ಯಾಡ್ಮಿಯಂಗೆ 0.003 ಮಿಲಿಗ್ರಾಂ ಮಾತ್ರ. ಆದ್ದರಿಂದ ಹೊಲಕ್ಕೆ ಸರಿಹೋದ ನೀರನ್ನು ಮನೆಯವರೂ ದನಗಳೂ ಕುಡಿಯಬಹುದೆಂದು ಭಾವಿಸಬಾರದು.

ಬಳಸಿದ ಇದ್ದಿಲನ್ನು ಏನು ಮಾಡಬೇಕು?

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಇದ್ದಿಲು ಲೋಹವನ್ನು ನಾಶಮಾಡುವುದಿಲ್ಲ, ನೀರಿನಿಂದ ತೆಗೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ ಅಷ್ಟೆ. ಇದ್ದಿಲು ಮಣ್ಣಿಗೆ ಒಳ್ಳೆಯದೆಂಬ ಮಾತನ್ನು ಕೇಳಿ ಸೋಸಿದ ಇದ್ದಿಲನ್ನು ಹೊಲಕ್ಕೆ ಚೆಲ್ಲಿದರೆ, ಹೊರಗಿಟ್ಟ ವಿಷವನ್ನು ತಾನಾಗಿ ಒಳಗೆ ತಂದಂತೆ. ಹುಳಿ ಮಣ್ಣಿನಲ್ಲಿ ಲೋಹ ಮತ್ತೆ ಬಿಡುಗಡೆಯಾಗುತ್ತದೆ. ಒಲೆಗೆ ಹಾಕಿದರೆ ಕ್ಯಾಡ್ಮಿಯಂ ಹೊಗೆಯಲ್ಲಿ ಸೇರುತ್ತದೆ, ಉಳಿದ ಲೋಹಗಳು ಬೂದಿಯಲ್ಲಿ ನಿಲ್ಲುತ್ತವೆ. ತಿಪ್ಪೆಗೂ ಹಾಕಬಾರದು. ಅದನ್ನು ಮುಚ್ಚಿದ ಡ್ರಮ್ಮಿನಲ್ಲಿ ಮಳೆ ತಾಗದಂತೆ ಇಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಒಪ್ಪಿಸಬೇಕು. ಒಬ್ಬೊಬ್ಬ ರೈತರಿಗೆ ಇದು ಕಷ್ಟ. ವಿಸ್ತರಣಾ ಕಾರ್ಯಕರ್ತರು ಇದರ ಏರ್ಪಾಡು ಮಾಡಿದ ನಂತರವೇ ಪೀಪಾಯಿ ಇಡಲು ಸಲಹೆ ಕೊಡುವುದು ಲೇಸು.

ಪೀಪಾಯಿಯ ಒಳಬರುವ ಮತ್ತು ಹೊರಹೋಗುವ ನೀರನ್ನು ಆಗಾಗ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಎರಡರ ಅಂತರ ಕಡಿಮೆಯಾದೊಡನೆ ಇದ್ದಿಲನ್ನು ಬದಲಾಯಿಸಬೇಕು. ಲೋಹದ ಅಂಶ ಹೆಚ್ಚಿರುವ ಕಡೆ ಸೊಪ್ಪು, ಗೆಡ್ಡೆ ತರಕಾರಿ ಮತ್ತು ಮೇವಿನ ಬೆಳೆಗಳನ್ನು ಬಿಟ್ಟು ಹೂವು ಅಥವಾ ಮರಮುಟ್ಟಿನ ಗಿಡಗಳನ್ನು ಬೆಳೆಯುವುದೇ ಕ್ಷೇಮ.