ದೋಣಿಗೆ ಹಗುರಾದ ಯಂತ್ರವೋ, ಬಲವಾದ ಯಂತ್ರವೋ?

ನಮ್ಮ ಶಾಲೆಯಲ್ಲಿ ಕಲಿತು ಈಗ ಕಡಲ ಕರೆಯ ಊರೊಂದರಲ್ಲಿ ಸಂಸಾರ ನಡಿಸುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳ ಕೆಳಗೆ ನನಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿದಳು. ಆಕೆಯ ಮನೆಯವರಿಗೆ ಒಂದು ನಾಡದೋಣಿಯುಂಟು. ಅದರ ಯಂತ್ರವು ಸವೆದುಹೋಗಿರುವದರಿಂದ ಸಾಲ ತೆಗೆದು ಹೊಸತನ್ನು ಕೊಳ್ಳಬೇಕಾಗಿದೆ. ಸುಮಾರು 10 ಅಶ್ವಶಕ್ತಿಯ ಹಗುರಾದ ಯಂತ್ರವೇ ಸಾಕೆಂದು ಮಾವನವರೂ, ಅದರ ಇಮ್ಮಡಿ ಬಲವುಳ್ಳದ್ದೇ ಬೇಕೆಂದು ಮೈದುನನೂ ಹಟ ಹಿಡಿದಿರುವರು. “ಕಂತು ಕಟ್ಟುವ ಲೆಕ್ಕ ನನ್ನ ಕೈಯಲ್ಲಿದೆ, ಟೀಚರೇ. ನೀವು ಕಲಿಸಿದ ಗಣಿತವು ಯಾರ ಪಕ್ಷ?” ಎಂದು ಆಕೆ ಕೇಳಿದ್ದಳು. ಇದೇ ಪ್ರಶ್ನೆಯು ಇತರ ಮನೆಗಳಲ್ಲಿಯೂ ಹುಟ್ಟಬಹುದಾದದರಿಂದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ದೋಣಿಯು ನೀರನ್ನು ಸೀಳಿಕೊಂಡು ಹೋಗುವಾಗ ತನ್ನ ಮುಂಭಾಗದಲ್ಲಿ ಒಂದು ತೆರೆಯನ್ನು ಎಬ್ಬಿಸುತ್ತದೆ. ವೇಗವು ಹೆಚ್ಚಿದಂತೆ ಆ ತೆರೆಯು ಉದ್ದವಾಗುತ್ತದೆ. ತೆರೆಯ ಉದ್ದವೂ ದೋಣಿಯ ಉದ್ದವೂ ಸಮವಾದಾಗ ಮುಂಭಾಗವು ತೆರೆಯ ನೆತ್ತಿಯ ಮೇಲೆ ನಿಲ್ಲುವದು. ಇನ್ನೂ ಓಡಿಸಹೋದರೆ ಹಿಂಭಾಗವು ತೆರೆಯ ತಗ್ಗಿಗೆ ಜಾರಿ, ದೋಣಿಯು ತಾನೇ ಕಟ್ಟಿದ ಗುಡ್ಡವನ್ನು ತಾನೇ ಹತ್ತಬೇಕಾಗುವದು. 1870ರ ದಶಕದಲ್ಲಿ ವಿಲ್ಲಿಯಂ ಫ್ರೂಡ್ ಎಂಬ ಆಂಗ್ಲ ಎಂಜಿನಿಯರನು ಟಾರ್ಕಿ ಎಂಬಲ್ಲಿ ಉದ್ದವಾದ ನೀರಿನ ತೊಟ್ಟಿಯನ್ನು ಕಟ್ಟಿಸಿ, ಸಣ್ಣ ಮಾದರಿ ಹಡಗುಗಳನ್ನು ಎಳೆಸಿ, ಇಂಥ ವಿಷಯಗಳನ್ನು ಪರೀಕ್ಷಿಸಿದನು. ಈ ಮೇರೆಯನ್ನು ಕಂಡುಹಿಡಿಯುವ ಸ್ಥೂಲವಾದ ಸೂತ್ರವೊಂದುಂಟು: ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ನಮ್ಮ ವಿದ್ಯಾರ್ಥಿನಿಯ ದೋಣಿಗೆ ಆ ಉದ್ದವು 25 ಅಡಿ. ವರ್ಗಮೂಲ 5; ಗುಣಲಬ್ಧ 6.7. ಅಂದರೆ ಗಂಟೆಗೆ 6.7 ನಾವಿಕ ಮೈಲಿ, ಸುಮಾರು 12 ಕಿಲೋಮೀಟರು.

ಈ ಮೇರೆಗೆ ಕೆಳಗೆ ಸಹ ವೇಗವು ಅಗ್ಗವಲ್ಲ. ವೇಗವನ್ನು ಇಮ್ಮಡಿಸಬೇಕಾದರೆ ಶಕ್ತಿಯು ಸುಮಾರು ಎಂಟು ಪಟ್ಟಾಗಬೇಕು. ಅಷ್ಟೇ ದೂರಕ್ಕೆ ನಾಲ್ಕರಷ್ಟು ಎಣ್ಣೆ ಉರಿಯುವದು. ಮೇರೆಯ ಸಮೀಪಕ್ಕೆ ಬಂದಮೇಲಂತೂ ಕೊಟ್ಟ ಶಕ್ತಿಯ ಬಹುಪಾಲು ತೆರೆ ಎಬ್ಬಿಸುವದರಲ್ಲಿಯೇ ವ್ಯಯವಾಗುತ್ತದೆ. ಮೈದುನನ ಯಂತ್ರವು ಗದ್ದಲವನ್ನು ಹೆಚ್ಚಿಸೀತು. ಬಂದರಿಗೆ ಮೊದಲು ಮುಟ್ಟಿಸಲಾರದು.

ಇನ್ನು ತೂಕದ ಮಾತು. ಯಂತ್ರವು ತೂಗುವದು ದೋಣಿಯ ಕಟ್ಟಕಡೆಯಲ್ಲಿ. ಮಕ್ಕಳು ತೂಗುಹಲಗೆಯ ತುದಿಯಲ್ಲಿ ಕೂತಂತೆ, ಅಲ್ಲಿನ ಹತ್ತು ಕಿಲೋ ನಡುವಿನ ಹತ್ತು ಕಿಲೋಗಿಂತ ಹೆಚ್ಚು ಕೆಲಸಮಾಡುತ್ತದೆ. ಹಿಂಭಾಗ ತಗ್ಗಿದ ದೋಣಿಯು ಅಳಿವೆಯ ಬಾಯಿಯಲ್ಲಿ ಮರಳಿ ಬರುವಾಗ ಬೆನ್ನಟ್ಟಿ ಬಂದ ತೆರೆಯನ್ನು ಒಳಕ್ಕೆ ಕರಕೊಳ್ಳುವದು ಸುಲಭ. ಇದು ಎಣ್ಣೆಯ ನಷ್ಟವಲ್ಲ, ಪ್ರಾಣದ ಮಾತು. ಮಾವನವರ ಹಟದಲ್ಲಿ ನಾನು ಕಂಡ ಸಾರವಿದು. ದಿನವೂ ಯಂತ್ರವನ್ನು ಬಿಚ್ಚಿ ಮರಳ ಮೇಲೆ ಹೊತ್ತು ತರುವವರ ಹೆಗಲು ಇದನ್ನು ಬೇರೆ ರೀತಿಯಲ್ಲಿ ಹೇಳೀತು.

ಹೆಗಲಿನ ಮಾತು ಬಂದುದರಿಂದ ಅಮೆರಿಕದ ಒಂದು ದಂಪತಿಗಳ ಸಂಗತಿಯನ್ನು ಹೇಳಬೇಕು. ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡನು 1909ರಲ್ಲಿ ಮಾರಾಟಕ್ಕೆ ತಂದ, ದೋಣಿಯ ಹಿಂದೆ ಸಿಕ್ಕಿಸುವ ಯಂತ್ರವು 62 ಪೌಂಡು ತೂಗುತ್ತಿತ್ತು. ಅದರ ಬಲ ಒಂದೂವರೆ ಅಶ್ವಶಕ್ತಿ. ಲೆಕ್ಕಪತ್ರ, ಕಾಗದವ್ಯವಹಾರ, ಜಾಹೀರಾತು ಇವೆಲ್ಲ ಅವನ ಹೆಂಡತಿ ಬೆಸ್ ಇವರ ಕೈಯಲ್ಲಿತ್ತು. ಅವರ ಆರೋಗ್ಯ ಕೆಟ್ಟುದರಿಂದ ದಂಪತಿಗಳು ತಮ್ಮ ಪಾಲನ್ನು ಮಾರಿಬಿಟ್ಟರು. ಮುಂದೆ ಓಲೆಯು ಅಲ್ಯುಮಿನಿಯಮನ್ನು ಹೆಚ್ಚಾಗಿ ಬಳಸಿ, ಎರಡು ಸಿಲಿಂಡರುಗಳ ಹೊಸ ಯಂತ್ರವನ್ನು ರಚಿಸಿದನು. 1921ರಲ್ಲಿ ಅದು ಎಲ್ಟೋ ಎಂಬ ಹೆಸರಿನಿಂದ ಹೊರಟಿತು. ಬಲ ಮೂರು ಅಶ್ವಶಕ್ತಿ, ತೂಕ 50 ಪೌಂಡಿಗೂ ಕಡಿಮೆ. ಬಲ ಇಮ್ಮಡಿಸಿತು, ಭಾರ ಇಳಿಯಿತು. ಇಂಥದು ಎರಡನ್ನೂ ಕೊಡುವಾಗ ಆರಿಸುವ ಕಷ್ಟವಿಲ್ಲ. ನಮ್ಮ ಪೇಟೆಯಲ್ಲಿ ಇಮ್ಮಡಿ ಬಲವು ಹೆಚ್ಚು ಭಾರವನ್ನೂ ಹೆಚ್ಚು ಬೆಲೆಯನ್ನೂ ಜೊತೆಗೆ ತರುತ್ತದೆ.

ಹಾಗೆಂದು ಬಲವಾದ ಯಂತ್ರವು ವ್ಯರ್ಥವೆನ್ನಲಾಗದು. ತಳವು ಚಪ್ಪಟೆಯಾಗಿಯೂ ಮೈ ಹಗುರವಾಗಿಯೂ ಇರುವ ದೋಣಿಯು ಸಾಕಷ್ಟು ಬಲ ಸಿಕ್ಕಿದರೆ ತೆರೆಯ ಮೇಲಕ್ಕೆ ಎದ್ದು ನೀರಿನ ಮೇಲೆ ಜಾರುವದು. ಅದಕ್ಕೆ ಮೇಲಿನ ಸೂತ್ರವು ಹೊಂದದು. ಬಲೆ, ಮೀನು, ಆರೇಳು ಜನ ತುಂಬಿದ ನಾಡದೋಣಿಯು ಹಾಗೆ ಏಳಲಾರದು. ಇಳಿತದ ಸೆಳವಿಗೆ ಎದುರಾಗಿ ಅಳಿವೆಯನ್ನು ದಾಟಲು ತುಸು ಬಲವು ಮಿಗತೆಯಾಗಿರಬೇಕೆಂಬುದೂ ನಿಜ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ವರೆಗಿನ ಮೀನುಗಾರಿಕೆಯ ನಿಷೇಧದಿಂದ 10 ಅಶ್ವಶಕ್ತಿಯ ವರೆಗಿನ ಯಂತ್ರವುಳ್ಳ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿಯುಂಟು. ಇಮ್ಮಡಿ ಬಲದ ಯಂತ್ರವನ್ನು ಕಟ್ಟಿದವರು ಆ ಎರಡು ತಿಂಗಳು ದಡದಲ್ಲಿ ಕೂತು ಕಂತು ಕಟ್ಟಬೇಕು. ಮೈದುನನಿಗೆ ಈ ಸಂಗತಿಯು ಹೊಳೆದಿರಲಿಲ್ಲವೆಂದು ತೋರುತ್ತದೆ.

ಬಲ ಸಾಲದೆಂಬ ದೂರು ಅನೇಕ ವೇಳೆ ಯಂತ್ರದ್ದಲ್ಲ, ನೀರಿನೊಳಗೆ ತಿರುಗುವ ಪಂಖದ್ದು. ತಿರುಪುಮೊಳೆಯು ಮರದೊಳಗೆ ಹೋಗುವಂತೆ ಪಂಖವು ಸುತ್ತಿಗೆ ಇಷ್ಟು ದೂರವೆಂದು ಮುಂದರಿಯುತ್ತದೆ. ಹಗುರಾದ ದೋಣಿಗೆಂದು ಮಾಡಿದ ದೂರ ಹೆಜ್ಜೆಯ ಪಂಖವನ್ನು ಭಾರವಾದ ದೋಣಿಗೆ ಹಾಕಿದರೆ, ಏರಿನಲ್ಲಿ ಹೆಚ್ಚಿನ ಗೇರಿನಲ್ಲಿ ಹೋಗುವ ಬಸ್ಸಿನಂತೆ ಯಂತ್ರವು ಏದುಸಿರು ಬಿಡುತ್ತದೆ.

ಆದಕಾರಣ ನಾನು ಆಕೆಗೆ ಹೀಗೆ ಬರೆದೆನು: ಹಗುರಾದುದನ್ನೇ ಕೊಳ್ಳಿರಿ, ಕಿರಿದು ಹೆಜ್ಜೆಯ ಪಂಖವನ್ನು ಕೇಳಿ ಹಾಕಿಸಿರಿ. ಹಣ ಕೊಡುವ ಮೊದಲು ಬಲೆಯನ್ನೂ ಎಲ್ಲ ಆಳುಗಳನ್ನೂ ತುಂಬಿ, ಇಳಿತದ ಹೊತ್ತಿನಲ್ಲಿ ಅಳಿವೆಯೊಳಕ್ಕೆ ಒಂದು ಸಲ ಓಡಿಸಿ ನೋಡಿರಿ. ಬಳಿಕ ಮಾವನವರೂ ಮೈದುನನೂ ಕೂಡಿ ಅದನ್ನು ಮನೆಯ ತನಕ ಹೊತ್ತು ತರಲಿ.